ಹವಳ ದಿಬ್ಬದ ಚೇತರಿಕೆಯನ್ನು ಅಳೆಯುವುದು ಹೇಗೆ?

ಕಡಲ ನೀರು ವಾರಗಟ್ಟಲೆ ಕಾದು ಹವಳವೆಲ್ಲ ಬೆಳ್ಳಗಾದ ಸುದ್ದಿ ಬಂದಾಗ, ಎಷ್ಟು ಹವಳ ಸತ್ತಿತು ಎಂದೇ ಎಲ್ಲರೂ ಕೇಳುತ್ತಾರೆ. ಹವಳ ದಿಬ್ಬದ ಪರಿಸರವನ್ನು ಅಧ್ಯಯನ ಮಾಡುವವರು ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ: ಅದೇ ಬಿಸಿಯನ್ನು ತಾಳಿ ಉಳಿದದ್ದು ಎಷ್ಟು, ಸತ್ತ ಜಾಗ ಎಷ್ಟು ವರ್ಷಗಳಲ್ಲಿ ಮತ್ತೆ ತುಂಬಿಕೊಳ್ಳುತ್ತಿದೆ? ಮೊದಲನೆಯದನ್ನು ತಾಳಿಕೆ ಎಂದೂ ಎರಡನೆಯದನ್ನು ಚೇತರಿಕೆ ಎಂದೂ ಕರೆಯೋಣ. ಒಂದೇ ಸಲ ಮುಳುಗಿ ಎದ್ದು ಬಂದವರಿಗೆ ಈ ಎರಡಕ್ಕೂ ಉತ್ತರ ಸಿಗುವುದಿಲ್ಲ. ಅದೇ ಜಾಗಕ್ಕೆ, ಅದೇ ವಿಧಾನದಲ್ಲಿ, ವರ್ಷ ವರ್ಷವೂ ಮರಳಬೇಕು. ಸ್ಕೂಬಾ ತರಬೇತಿ ಪಡೆದು, ಸಂಬಂಧಪಟ್ಟ ಇಲಾಖೆಯ ಪರವಾನಗಿಯನ್ನೂ ಪಡೆದು ಇಂಥ ಅಧ್ಯಯನಕ್ಕೆ ಮೊದಲ ಸಲ ಇಳಿಯುತ್ತಿರುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೀರಿಗಿಳಿಯುವ ಮೊದಲು ಬಿಸಿಯ ಲೆಕ್ಕ ಕೈಯಲ್ಲಿರಬೇಕು. ಹವಳವನ್ನು ಕಟ್ಟುವ ಪುಟ್ಟ ಜೀವಿಗಳಾದ ಪಾಲಿಪ್‌ಗಳ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳಕ್ಕೆ ಬಣ್ಣ ಬರುವುದೂ ಮುಖ್ಯವಾಗಿ ಅವುಗಳಿಂದಲೇ. ಆ ಜಾಗದ ಅತ್ಯಂತ ಬೆಚ್ಚನೆಯ ತಿಂಗಳ ಸರಾಸರಿಗಿಂತ ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ಉಳಿದರೆ ಈ ಸಹಬಾಳ್ವೆ ಮುರಿಯುತ್ತದೆ, ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಎಷ್ಟು ಡಿಗ್ರಿ ಹೆಚ್ಚಿತ್ತು, ಎಷ್ಟು ವಾರ ಇತ್ತು ಎಂಬ ಎರಡನ್ನೂ ಸೇರಿಸಿ ಕೊನೆಯ 12 ವಾರಗಳ ಮೊತ್ತವನ್ನು ಉಪಗ್ರಹ ಮಾಹಿತಿಯಿಂದ ಲೆಕ್ಕ ಹಾಕುವ ಮಾಪನಕ್ಕೆ ಡಿಗ್ರಿ ಹೀಟಿಂಗ್ ವೀಕ್ ಎಂದು ಹೆಸರು. ಸಾಗರ ಮತ್ತು ಹವಾಮಾನವನ್ನು ಗಮನಿಸುವ ಅಮೆರಿಕದ ನೋವಾ ಸಂಸ್ಥೆ ಇದನ್ನು ಎಲ್ಲರಿಗೂ ತೆರೆದಿಟ್ಟಿದೆ. ಈ ಮೊತ್ತ 4 ದಾಟಿದರೆ ಗಣನೀಯ ಪ್ರಮಾಣದ ಬಿಳಿಚುವಿಕೆಯನ್ನೂ, 8 ದಾಟಿದರೆ ವ್ಯಾಪಕ ಸಾವನ್ನೂ ನಿರೀಕ್ಷಿಸಬೇಕು. ಆದರೆ ಉಪಗ್ರಹ ನೋಡುವುದು ಮೇಲ್ಮೈಯನ್ನು ಮಾತ್ರ. ನಿಮ್ಮ ಹವಳವಿರುವ ಆಳದಲ್ಲೇ ತಾಪಮಾನ ದಾಖಲಿಸುವ ಲಾಗರ್ ಒಂದನ್ನು ಕಟ್ಟಿ, ಅರ್ಧ ಗಂಟೆಗೊಮ್ಮೆ ದಾಖಲಿಸುವಂತೆ ಹೊಂದಿಸಿಡಿ. ಎಷ್ಟು ಬಿಸಿ ತಗುಲಿತು ಎಂದು ತಿಳಿಯದೆ ಎಷ್ಟು ತಾಳಿಕೊಂಡಿತು ಎಂದು ಹೇಳಲಾಗದು.

ಜಾಗದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕಣ್ಣಿಗೆ ಹಬ್ಬವಾಗುವಂಥ, ಹವಳ ದಟ್ಟವಾಗಿರುವ ಮೂಲೆಯಲ್ಲೇ ಟೇಪು ಹಾಸುವ ಆಸೆಯಾಗುವುದು ಸಹಜ. ತುಂಬಿದ ಜಾಗದಲ್ಲಿ ಮುಂದೆ ಕಾಣುವುದು ಬಹುತೇಕ ಇಳಿಕೆಯೇ ಆದ್ದರಿಂದ, ದಿಬ್ಬ ಒಟ್ಟಾರೆ ಹೇಗಿದ್ದರೂ ನಿಮ್ಮ ಅಂಕಿಗಳು ನಾಶದ ಕಥೆಯನ್ನೇ ಹೇಳುತ್ತವೆ. ನಕ್ಷೆಯ ಮೇಲೆ ಒಂದೇ ಆಳದ ಪಟ್ಟಿಯನ್ನು ಗುರುತಿಸಿ, ಅದರೊಳಗೆ ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸಿ. ಅಲೆ ಬಡಿಯುವ ಮಗ್ಗುಲು, ಮರೆಯ ಮಗ್ಗುಲು ಎರಡೂ ಅದರಲ್ಲಿರಲಿ. ಆರಿಸಿದ ಸಾಲಿನ ಎರಡೂ ತುದಿಗಳಲ್ಲಿ, ನಡುವೆಯೂ ಅಲ್ಲಲ್ಲಿ, ತುಕ್ಕು ಹಿಡಿಯದ ಉಕ್ಕಿನ ಸರಳುಗಳನ್ನು ಸತ್ತ ಸುಣ್ಣದ ಕಲ್ಲಿಗೆ ಹೊಡೆದು ನಿಲ್ಲಿಸಿ. ಜೀವಂತ ಹವಳಕ್ಕೆ ಎಂದಿಗೂ ಹೊಡೆಯಬಾರದು. ಮೇಲಿನ ಜಿಪಿಎಸ್ ಗುರುತಿನಿಂದ ಮುಳುಗಿದರೂ ಕೆಳಗೆ ಸರಳು ಕಾಣದೆ ಅರ್ಧ ಡೈವ್ ಹುಡುಕಾಟದಲ್ಲೇ ಕಳೆಯುವುದುಂಟು. ಹಾಗಾಗಿ ಒಂದು ಸರಳಿನಿಂದ ಇನ್ನೊಂದಕ್ಕೆ ದಿಕ್ಸೂಚಿಯ ಕೋನ, ದೂರ, ಪಕ್ಕದ ದೊಡ್ಡ ಬಂಡೆಯ ಚಿತ್ರ ಇಷ್ಟನ್ನೂ ಬರೆದಿಡಿ. ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಹೆರಾನ್ ದ್ವೀಪದಲ್ಲಿ ಕೆಲವೇ ಚೌಕಗಳನ್ನು ಹೀಗೆ ಶಾಶ್ವತವಾಗಿ ಗುರುತು ಮಾಡಿ ದಶಕಗಳ ಕಾಲ ಅವುಗಳ ಚಿತ್ರ ತೆಗೆಸುತ್ತಾ ಹೋದರು. ಚಂಡಮಾರುತಗಳ ನಂತರ ಯಾವ ಹವಳ ಹೋಯಿತು, ಯಾವುದು ಬಂತು ಎಂದು ಒಂದೊಂದಾಗಿ ಹೇಳಲು ಸಾಧ್ಯವಾದದ್ದು ಆ ತಾಳ್ಮೆಯಿಂದ.

ಎಣಿಕೆಯ ವಿಧಾನ ಸರಳವಾಗಿದ್ದಷ್ಟೂ ಒಳ್ಳೆಯದು. 50 ಮೀಟರ್ ಟೇಪನ್ನು ಸರಳುಗಳ ನಡುವೆ ಬಿಗಿಯಾಗಿ ಎಳೆದು, ಪ್ರತಿ 50 ಸೆಂಟಿಮೀಟರ್‌ಗೆ ಟೇಪಿನ ನೇರ ಕೆಳಗೆ ಏನಿದೆ ಎಂದು ಸ್ಲೇಟಿನಲ್ಲಿ ಬರೆಯಿರಿ. ಒಟ್ಟು 100 ಬಿಂದುಗಳಾಗುವುದರಿಂದ ಒಂದೊಂದು ಬಿಂದುವೂ ಶೇಕಡಾ ಒಂದು. ಹವಳ ಎಂದಷ್ಟೇ ಬರೆದರೆ ಸಾಲದು: ಕವಲೊಡೆದದ್ದೋ, ತಟ್ಟೆಯಂತೆ ಹರಡಿದ್ದೋ, ಗುಂಡುಕಲ್ಲಿನಂತೆ ಬೆಳೆದದ್ದೋ ಎಂಬುದು ಬೇಕೇಬೇಕು. ಕವಲಿನ ಅಕ್ರೊಪೊರಾ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, ಬಿಸಿಗೆ ಬೇಗ ಸಾಯುತ್ತದೆ; ಗುಂಡನೆಯ ಪೊರೈಟಿಸ್ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆದರೂ ಸಾಮಾನ್ಯವಾಗಿ ಹೆಚ್ಚು ತಾಳುತ್ತದೆ. ಟೇಪಿನ ಉದ್ದಕ್ಕೂ ಒಂದೇ ಎತ್ತರದಿಂದ ಚಿತ್ರಗಳನ್ನೂ ತೆಗೆಯಿರಿ, ಸ್ಲೇಟಿನ ತಪ್ಪನ್ನು ಮುಂದೊಂದು ದಿನ ತಿದ್ದಬಲ್ಲವು ಅವೇ.

ಬಿಳಿ ಕಂಡ ಕಡೆ ನಿಲ್ಲಿ. ದೂರದಿಂದ ಒಂದೇ ಥರ ಕಾಣುವ ಬಿಳಿಯಲ್ಲಿ ಮೂರು ಬೇರೆ ಬೇರೆ ಕಥೆಗಳಿರುತ್ತವೆ. ಕಣ್ಣನ್ನು ಒಂದು ಗೇಣು ದೂರಕ್ಕೆ ತಂದು ನೋಡಿದರೆ, ಬರಿದೆ ಬಿಳಿಚಿಕೊಂಡ ಹವಳದ ಮೇಲೆ ಗಾಜಿನಂತೆ ಪಾರದರ್ಶಕವಾದ ಅಂಗಾಂಶ ಇನ್ನೂ ಇರುವುದು, ಅಸ್ಥಿಯ ಪುಟ್ಟ ಬಟ್ಟಲುಗಳೊಳಗೆ ಪಾಲಿಪ್‌ಗಳು ಇರುವುದು ಕಾಣುತ್ತದೆ. ಅದು ಹಸಿದಿದೆ, ಸತ್ತಿಲ್ಲ. ಆಗ ತಾನೇ ಸತ್ತದ್ದರಲ್ಲಿ ಬಟ್ಟಲುಗಳ ಅಂಚು ಈಗಷ್ಟೇ ಕೆತ್ತಿದಂತೆ ಚೂಪಾಗಿದ್ದು, ಒಳಗೆ ಏನೂ ಇರುವುದಿಲ್ಲ. ಕೆಲವೇ ದಿನಗಳಲ್ಲಿ ಅದರ ಮೇಲೆ ಪಾಚಿಯ ತೆಳುಪೊರೆ ಕೂರತೊಡಗುತ್ತದೆ. ಬಿಳಿ ಭಾಗಕ್ಕೂ ಪಕ್ಕದ ಬಣ್ಣದ ಭಾಗಕ್ಕೂ ನಡುವೆ ಗೆರೆ ಎಳೆದಂತಿದ್ದರೆ ಬಿಸಿಯನ್ನು ದೂರುವ ಮೊದಲು ಸುತ್ತಲಿನ ಬಿರುಕುಗಳಲ್ಲಿ ಇಣುಕಿ: ಕ್ರೌನ್ ಆಫ್ ಥಾರ್ನ್ಸ್ ಎಂಬ ಮುಳ್ಳಿನ ನಕ್ಷತ್ರಮೀನು ತಿಂದು ಹೋಗಿರಬಹುದು, ಇಲ್ಲವೇ ಕವಲುಗಳ ಬುಡದಲ್ಲಿ ಹವಳ ತಿನ್ನುವ ಸಣ್ಣ ಶಂಖದ ಹುಳುಗಳು ಗುಂಪುಗೂಡಿರಬಹುದು. ಈ ಮೂರನ್ನೂ ಒಂದೇ ಖಾನೆಗೆ ಹಾಕಿದ ಅಧ್ಯಯನದಿಂದ ತಾಳಿಕೆಯ ಬಗ್ಗೆ ಏನನ್ನೂ ತಿಳಿಯಲಾಗದು.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು, ಅತ್ಯಂತ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು, ಮರಿ ಹವಳಗಳ ಎಣಿಕೆ. ಟೇಪಿನ ಪಕ್ಕದಲ್ಲಿ ಅರ್ಧ ಮೀಟರ್ ಬದಿಯ ಚೌಕಟ್ಟನ್ನಿಟ್ಟು, 5 ಸೆಂಟಿಮೀಟರ್‌ಗಿಂತ ಚಿಕ್ಕ ಹವಳಗಳನ್ನು ಬಿರುಕು, ಅಂಚು, ಕಲ್ಲಿನ ಕೆಳಬದಿಗಳಲ್ಲೂ ಬಿಡದೆ ಹುಡುಕಿ. ಮರಿ ಹವಳದ ಅಂಚು ಸುತ್ತಲೂ ಪೂರ್ಣವಾಗಿದ್ದು ನಾಣ್ಯದಂತೆ ದುಂಡಗಿರುತ್ತದೆ. ಸಾಯುತ್ತಿರುವ ದೊಡ್ಡ ಹವಳದ ಉಳಿದ ತುಣುಕಾದರೆ ಅಂಚು ಹರಕುಮುರುಕಾಗಿ, ಅದರಡಿಯಲ್ಲಿ ಹಳೆಯ ಅಸ್ಥಿ ಮುಂದುವರಿದಿರುವುದು ಕಾಣುತ್ತದೆ. ಶೇಕಡಾ ಹತ್ತಷ್ಟೇ ಹವಳ ಉಳಿದ ಎರಡು ದಿಬ್ಬಗಳಲ್ಲಿ, ಮರಿಗಳು ತುಂಬಿರುವುದೂ ಮರಿಗಳೇ ಇಲ್ಲದ್ದೂ ಒಂದೇ ಅಲ್ಲವಲ್ಲ!

ಮರಿ ಉಳಿಯುವುದು, ಕಲ್ಲಿನ ಮೇಲೆ ಬೆಳೆದು ಅದನ್ನು ಮುಚ್ಚಿಬಿಡುವ ಪಾಚಿಯನ್ನು ಮೇಯುವವರಿಂದ. ಆದ್ದರಿಂದ ಪ್ಯಾರಟ್ ಫಿಶ್, ಸರ್ಜನ್ ಫಿಶ್, ರ‍್ಯಾಬಿಟ್ ಫಿಶ್‌ಗಳನ್ನು ಟೇಪಿನ ಉದ್ದಕ್ಕೂ 5 ಮೀಟರ್ ಅಗಲದ ಪಟ್ಟಿಯಲ್ಲಿ, ಉದ್ದದ ಅಂದಾಜಿನೊಂದಿಗೆ ಎಣಿಸಬೇಕು. ಮೀನು ಎಣಿಸುವವರೇ ಮೊದಲು ಹೋಗಲಿ. ಉಳಿದವರು ಹಿಂದೆ ಬಂದರೆ ಮೀನು ಬೆದರುವುದಿಲ್ಲ. ಪಾಚಿಯನ್ನೇ ಮೇಯುವ, ಮುಳ್ಳುಚೆಂಡಿನಂಥ ಸೀ ಅರ್ಚಿನ್‌ಗಳನ್ನೂ ಬಿಡಬೇಡಿ. ಜಮೈಕಾದಲ್ಲಿ ಮೇಯುವ ಮೀನುಗಳು ಮೊದಲೇ ಅತಿಯಾದ ಮೀನುಗಾರಿಕೆಗೆ ಬಲಿಯಾಗಿದ್ದವು. 1980ರಲ್ಲಿ ಅಲೆನ್ ಚಂಡಮಾರುತ ಬಂತು. 1983–84ರಲ್ಲಿ ಡಯಾಡಿಮಾ ಎಂಬ ಅರ್ಚಿನ್ ರೋಗದಿಂದ ಸಾಮೂಹಿಕವಾಗಿ ಸತ್ತಿತು. 1970ರ ದಶಕದ ಕೊನೆಗೆ ಶೇಕಡಾ 50ಕ್ಕಿಂತ ಹೆಚ್ಚಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇಕಡಾ 5ಕ್ಕಿಂತ ಕೆಳಗಿಳಿದು, ಆ ಜಾಗವನ್ನು ದೊಡ್ಡ ಪಾಚಿಗಳು ಆಕ್ರಮಿಸಿದವು.

ದಿಬ್ಬದ ಮೇಲ್ಮೈಯ ಏರಿಳಿತವನ್ನು ಅಳೆಯಲು ಸಣ್ಣ ಕೊಂಡಿಗಳ ಸರಪಳಿಯೊಂದು ಸಾಕು. ಅದನ್ನು ಉಬ್ಬುತಗ್ಗುಗಳಿಗೆ ಅಂಟಿಕೊಳ್ಳುವಂತೆ ಇಳಿಬಿಟ್ಟು, ಸರಪಳಿಯ ಉದ್ದವನ್ನು ನೇರ ದೂರದಿಂದ ಭಾಗಿಸಿ. ಸೆಶೆಲ್ಸ್ ದ್ವೀಪಗಳಲ್ಲಿ 1998ರ ಬಿಸಿಗೆ ಹವಳದ ಶೇಕಡಾ 90ಕ್ಕಿಂತ ಹೆಚ್ಚು ಭಾಗ ನಾಶವಾದ ಮೇಲೆ, ಗಮನಿಸಿದ 21 ದಿಬ್ಬಗಳಲ್ಲಿ 12 ಚೇತರಿಸಿಕೊಂಡವು, 9 ಪಾಚಿಯ ಪಾಲಾದವು. ಏರಿಳಿತ ಹೆಚ್ಚಿದ್ದ, ತುಸು ಆಳದಲ್ಲಿದ್ದ, ಮರಿ ಹವಳ ಮತ್ತು ಮೇಯುವ ಮೀನು ಹೆಚ್ಚಿದ್ದ, ಪೋಷಕಾಂಶಗಳ ಹೊರೆ ಕಡಿಮೆಯಿದ್ದ ದಿಬ್ಬಗಳಿಗೆ ಚೇತರಿಕೆ ಒಲಿದಿತ್ತು.

ಅಂಕಿಗಳನ್ನು ಓದುವಾಗ ಒಟ್ಟು ಶೇಕಡಾವಾರನ್ನಷ್ಟೇ ನಂಬಬೇಡಿ. ಆಸ್ಟ್ರೇಲಿಯಾದ ವಾಯವ್ಯಕ್ಕಿರುವ ಒಂಟಿ ದಿಬ್ಬ ಸ್ಕಾಟ್ ರೀಫ್‌ನಲ್ಲಿ 1998ರ ನಂತರ ಶೇಕಡಾ 9ಕ್ಕೆ ಕುಸಿದಿದ್ದ ಹವಳ 12 ವರ್ಷಗಳಲ್ಲಿ ಶೇಕಡಾ 44ಕ್ಕೆ ಏರಿತು. ಹೊರಗಿನಿಂದ ಲಾರ್ವಾಗಳು, ಅಂದರೆ ನೀರಿನಲ್ಲಿ ತೇಲುವ ಹವಳದ ಎಳೆಮರಿಗಳು, ಬರುವುದು ತೀರ ಕಡಿಮೆಯಿದ್ದರೂ, ಉಳಿದ ಹವಳಗಳು ಚೆನ್ನಾಗಿ ಬದುಕಿ ಬೆಳೆದದ್ದೇ ಇದಕ್ಕೆ ಕಾರಣವಾಯಿತು. ಮೊದಲ ಆರು ವರ್ಷಗಳ ನಿಧಾನಗತಿಯನ್ನಷ್ಟೇ ನೋಡಿ ಅಧ್ಯಯನ ನಿಲ್ಲಿಸಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು. ಹಾಗೆಯೇ ಕವಲಿನ ಹವಳ ಹೋದ ಜಾಗಕ್ಕೆ ಗುಂಡನೆಯದು ಬಂದು ಒಟ್ಟು ಪ್ರಮಾಣ ಮೊದಲಿನಷ್ಟೇ ಆದರೂ, ಮೀನುಗಳು ಅಡಗುವ ಪೊದೆಯಂಥ ರಚನೆ ಮರಳಿರುವುದಿಲ್ಲ. ಪ್ರತಿಯೊಂದು ಬೆಳವಣಿಗೆಯ ರೂಪಕ್ಕೂ ಬೇರೆ ಬೇರೆ ಗೆರೆ ಎಳೆದು, ವರ್ಷಕ್ಕೆ ಎಷ್ಟು ಏರಿತು ಎಂದು ನೋಡಿ.

ಪ್ರತಿ ಸಮೀಕ್ಷೆಯ ಸಂಜೆಯೇ ಸ್ಲೇಟಿನ ಬರಹವನ್ನು ನಕಲು ಮಾಡಿ, ಮೂಲ ಚಿತ್ರಗಳನ್ನು ಎರಡು ಕಡೆ ಉಳಿಸಿ, ಎಣಿಸಿದವರು ಯಾರು, ನೀರು ಎಷ್ಟು ತಿಳಿಯಾಗಿತ್ತು, ಯಾವ ಸರಳು ಕಳಚಿಹೋಗಿತ್ತು ಎಂಬುದನ್ನು ಅದೇ ಕಡತದಲ್ಲಿ ಸೇರಿಸಿ. ಮುಂದಿನ ವರ್ಷ ನಿಮ್ಮ ಬದಲು ಬೇರೊಬ್ಬರು ಇಳಿದರೂ ಅದೇ ಸರಳಿನ ಬಳಿ ಟೇಪು ಬಿಚ್ಚುವಂತಿರಬೇಕು.