ಕೈಗೆಟುಕುವ ಎತ್ತರದಲ್ಲೇ ಮಾವು: ನನ್ನ ಹಿತ್ತಲ ಅನುಭವ

ಈ ವರ್ಷ ಮೂರು ಮಾವಿನ ಗಿಡದಿಂದ ಸುಮಾರು ನೂರಿಪ್ಪತ್ತು ಹಣ್ಣು ಕಿತ್ತೆ. ಏಣಿ ಹಾಕಲಿಲ್ಲ, ದೋಟಿ ಹಿಡಿಯಲಿಲ್ಲ. ನೆಲದ ಮೇಲೆ ನಿಂತು ತೊಟ್ಟು ಸಮೇತ ಕತ್ತರಿಸಿಕೊಂಡೆ. ಒಂದು ಹಣ್ಣೂ ಕೆಳಗೆ ಬಿದ್ದು ಒಡೆಯಲಿಲ್ಲ. ತುಮಕೂರಿನಲ್ಲಿ ನಮ್ಮ ಮನೆ ಹಿತ್ತಲು ಇರುವುದು ಹದಿನೈದಕ್ಕೆ ಮೂವತ್ತು ಅಡಿ. ಇಷ್ಟು ಜಾಗದಲ್ಲಿ ಮಾವು ಆಗಲ್ಲ ಅಂದವರೇ ಎಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಗಿಡ ಹಾಕಿದ್ದು 2015ರಲ್ಲಿ. ರಸ್ತೆ ಬದಿ ಗಾಡಿಯವರ ಹತ್ತಿರ ಐದು ಗಿಡ ತಂದೆ, ಒಂದೊಂದಕ್ಕೆ ನೂರೈವತ್ತು ರೂಪಾಯಿ. ಚೀಟಿಯಲ್ಲಿ ಚಂದದ ಹಣ್ಣಿನ ಫೋಟೋ ಇತ್ತು. ಮೂರು ವರ್ಷ ನೀರು ಹಾಕಿದ ಮೇಲೆ ಬುಡ ಕೆದಕಿ ನೋಡಿದರೆ ಎರಡರಲ್ಲಿ ಕಸಿಯ ಗಂಟೇ ಇಲ್ಲ, ಬರೀ ಓಟೆಯಿಂದ ಹುಟ್ಟಿದ ಗಿಡ. ಇನ್ನೊಂದರಲ್ಲಿ ಗಂಟಿನ ಕೆಳಗಿನ ಚಿಗುರೇ ಬೆಳೆದು ಮೇಲಿನ ಕಸಿ ಸತ್ತುಹೋಗಿತ್ತು. ಅದು ನನ್ನದೇ ತಪ್ಪು, ಆ ಚಿಗುರನ್ನು ವಾರಕ್ಕೊಮ್ಮೆ ಚಿವುಟಬೇಕಿತ್ತು. ಉಳಿದೆರಡು ಹಳದಿ ತಿರುಗಿ ನಿಂತಲ್ಲೇ ನಿಂತವು. ಅಗೆದರೆ ಒಂದಡಿ ಕೆಳಗೆ ಮನೆ ಕಟ್ಟಿದಾಗ ಸುರಿದ ಇಟ್ಟಿಗೆ ಚೂರು, ಸಿಮೆಂಟು ಗಾರೆ. ಇಬ್ಬರು ಕೂಲಿಯವರು ಎರಡು ದಿನ ಅಗೆದು ಹೊರಹಾಕಿದರು. ಕೂಲಿ, ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಎಲ್ಲ ಸೇರಿ ಎಂಟು ಸಾವಿರ ದಾಟಿತು. ಗಿಡಕ್ಕೆ ಕೊಟ್ಟದ್ದಕ್ಕಿಂತ ಗುಂಡಿಗೇ ಹತ್ತು ಪಾಲು ಜಾಸ್ತಿ. ಅಷ್ಟು ಖರ್ಚು ಮಾಡಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

2018ರ ಜೂನ್‌ನಲ್ಲಿ ಮತ್ತೆ ಹಾಕಿದೆ. ಮಾವಿನಲ್ಲಿ ಎರಡು ಆಮ್ರಪಾಲಿ, ಒಂದು ಮಲ್ಲಿಕಾ. ಜೊತೆಗೆ ಎರಡು ಸೀಬೆ, ಒಂದು ನಿಂಬೆ. ಈ ಸಲ ಒಂದೊಂದು ಗಿಡದ ಗಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿಯೇ ದುಡ್ಡು ಕೊಟ್ಟೆ. ಚಿಕ್ಕ ಹಿತ್ತಲಿಗೆ ನನ್ನ ಕೇಳಿದರೆ ಆಮ್ರಪಾಲಿಯೇ ಸೈ. ಮಲ್ಲಿಕಾ, ಆಮ್ರಪಾಲಿ ಎರಡೂ ನೀಲಂ ಮತ್ತು ದಶೇರಿ ಮಾವಿನ ಮಕ್ಕಳೇ. ಆದರೆ ಆಮ್ರಪಾಲಿ ಹುಟ್ಟಿನಿಂದಲೇ ಗಿಡ್ಡ. ಮಲ್ಲಿಕಾದ ಹಣ್ಣು ದೊಡ್ಡದು, ಗಿಡಕ್ಕೂ ಬೆಳೆಯುವ ಆಸೆ ಅಷ್ಟೇ, ಪ್ರತಿ ವರ್ಷ ನನ್ನ ಜೊತೆ ಜಗಳ ಆಡುತ್ತದೆ.

ನೆಟ್ಟ ತಿಂಗಳಿಗೆ ಮಾವಿನ ಗಿಡಗಳನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿದೆ. ಊರಿಂದ ಬಂದ ದೊಡ್ಡಪ್ಪ ನೋಡಿ, "ಏನ್ ಮಗಾ ಇದು, ಮಾವಿನ ಗಿಡಾನ ಕನಕಾಂಬರ ಮಾಡ್ಕೊಂಡಿದೀಯ?" ಅಂದರು. ಅವರದು ಎರಡು ಎಕರೆ ಮಾವಿನ ತೋಟ, ನಲವತ್ತು ವರ್ಷದ ಕೈ. ಮನೆಯವಳಿಗೂ ಹೊಟ್ಟೆ ಉರಿಯಿತು. ಕತ್ತರಿಸಿದ ಕಡೆ ಮೂರು ಚಿಗುರು ಬಿಟ್ಟು ಉಳಿದದ್ದು ತೆಗೆದೆ. ಅದೇ ಇವತ್ತಿನ ಮೂರು ಕೊಂಬೆ.

ದೊಡ್ಡಪ್ಪನ ಮಾತು ನಿಜ ಅನ್ನಿಸಿದ ವರ್ಷವೂ ಇತ್ತು. 2021ರಲ್ಲಿ ಮಳೆಗೆ ಗಿಡ ಸೊಕ್ಕಿ ಬೆಳೆದಿತ್ತು. ನವೆಂಬರ್‌ನಲ್ಲಿ ಸಿಕೇಚರ್ (ಕೊಂಬೆ ಕತ್ತರಿಸುವ ಕತ್ತರಿ) ಹಿಡಿದು ಒಂದೇ ಸಮನೆ ಸವರಿಬಿಟ್ಟೆ. ಜನವರಿಯಲ್ಲಿ ಊರೆಲ್ಲ ಮಾವು ಹೂ ಬಿಟ್ಟರೆ ನಮ್ಮಲ್ಲಿ ಬರೀ ಕೆಂಪು ಚಿಗುರು. ಒಂದು ಹೂವಿಲ್ಲ. ಸೀಬೆ ಹೊಸ ಚಿಗುರಿನಲ್ಲೇ ಕಾಯಿ ಬಿಡುತ್ತದೆ, ಅದನ್ನು ಯಾವಾಗ ಕತ್ತರಿಸಿದರೂ ಕೈ ಬಿಡಲ್ಲ. ಮಾವು ಹಾಗಲ್ಲ. ಬಲಿತ ಕಡ್ಡಿಯ ತುದಿಯಲ್ಲೇ ಅದರ ಹೂವು. ಸೀಬೆಯ ಲೆಕ್ಕವನ್ನು ಮಾವಿಗೆ ಹಾಕಿ ಇಡೀ ವರ್ಷದ ಫಸಲು ಕಳೆದುಕೊಂಡೆ.

ಆಮೇಲಿಂದ ನನ್ನ ಕ್ರಮ ಒಂದೇ. ಜುಲೈನಲ್ಲಿ ಕೊನೆಯ ಹಣ್ಣು ಕಿತ್ತ ವಾರವೇ ಕತ್ತರಿ. ಕೈ ಎತ್ತಿದರೆ ಸಿಗದ ಕೊಂಬೆ ಯಾವುದೂ ಉಳಿಯಬಾರದು. ನಡುವೆ ಒತ್ತಾಗಿ ಬೆಳೆದದ್ದೂ ಹೋಗಬೇಕು, ಬಿಸಿಲು ಬುಡಕ್ಕೆ ಬೀಳಬೇಕು. ಕಡಿದ ಗಾಯಕ್ಕೆ ಬೋರ್ಡೋ ಮುಲಾಮು, ಅಂದರೆ ಮೈಲುತುತ್ತ, ಸುಣ್ಣ ಕಲಸಿದ್ದು. ಒಂದೊಂದು ಕಡಿತಕ್ಕೆ ನಾಲ್ಕೈದು ಚಿಗುರು ಬರುತ್ತವೆ, ಎರಡು ಬಿಟ್ಟು ಉಳಿದದ್ದು ಚಿವುಟುತ್ತೇನೆ. ಆಗಸ್ಟ್ ಮುಗಿದ ಮೇಲೆ ಸಿಕೇಚರ್ ಅಟ್ಟಕ್ಕೆ. ನವೆಂಬರ್, ಡಿಸೆಂಬರ್ ನೀರು ಬಂದ್. ಕಾಯಿ ಕಡಲೆ ಗಾತ್ರ ಆದ ಮೇಲೇ ಮತ್ತೆ ಪಾತಿಗೆ ನೀರು. ಆಗಸ್ಟ್‌ನಲ್ಲಿ ಬುಡಕ್ಕೆ ಬೇವಿನ ಹಿಂಡಿ, ಗೊಬ್ಬರದ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹೂವಿಗೆ ಬೂದಿರೋಗ ಕಂಡರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಮ್ಯಾಂಗೋ ಸ್ಪೆಷಲ್ ಅನ್ನುವ ಲಘು ಪೋಷಕಾಂಶದ ಪುಡಿಯನ್ನೂ ನೀರಲ್ಲಿ ಕಲಸಿ ಹೊಡೆಯುತ್ತೇನೆ. ಒಂದು ಸ್ಪ್ರೇ ಟ್ಯಾಂಕಿಗೆ ಒಂದು ಶಾಂಪೂ ಪ್ಯಾಕೆಟ್, ಎರಡು ನಿಂಬೆಹಣ್ಣಿನ ರಸ ಸೇರಿಸಲೇಬೇಕು, ಶಾಂಪೂ ಇಲ್ಲದಿದ್ದರೆ ಎಲೆ ಮೇಲೆ ನಿಲ್ಲಲ್ಲ. ಹಣ್ಣು ನೊಣಕ್ಕೆ ನೀರಿನ ಬಾಟಲಿಗೆ ತೂತು ಮಾಡಿ ನೊಣವನ್ನು ಸೆಳೆಯುವ ಮೀಥೈಲ್ ಯುಜಿನಾಲ್ ಬಿಲ್ಲೆ ನೇತುಹಾಕುತ್ತೇನೆ. ಬೀಳುವುದು ಗಂಡು ನೊಣ ಮಾತ್ರ, ಹೆಣ್ಣಿನ ಜೊತೆ ಕೂಡುವ ಮೊದಲೇ ಅವು ಸಿಗಬೇಕು, ಆದ್ದರಿಂದ ಕಾಯಿ ಸಣ್ಣದಿರುವಾಗಲೇ ಕಟ್ಟಬೇಕು. ತಡಮಾಡಿದ ವರ್ಷ ಸೀಬೆಯ ಅರ್ಧ ಹುಳಕ್ಕೆ ಹೋಯಿತು.

ನಡುವೆ ಒಂದು ಹುಚ್ಚು. ಒಂದೇ ಆಮ್ರಪಾಲಿ ಮೇಲೆ ಬಾದಾಮಿ, ರಸಪುರಿ ಕಸಿ ಕಟ್ಟುವುದು. ಎರಡು ಸಲ ಏಪ್ರಿಲ್ ಬಿಸಿಲಲ್ಲಿ ಕಟ್ಟಿದೆ, ಹದಿನಾಲ್ಕು ಕಡ್ಡಿಯೂ ಒಣಗಿದವು. ಮೂರನೇ ಸಲ ಜುಲೈ ಮಳೆಯಲ್ಲಿ ಕಟ್ಟಿದೆ. ಕಡ್ಡಿಯ ಎಲೆಯನ್ನು ಹತ್ತು ದಿನ ಮುಂಚೆ ಕತ್ತರಿಸಿ, ಮೊಗ್ಗು ಉಬ್ಬಿದ ಮೇಲೆ ತಂದೆ. ಆರರಲ್ಲಿ ನಾಲ್ಕು ಹಿಡಿದವು. ರಸಪುರಿ ಕೊಂಬೆ ಈ ವರ್ಷ ಐದು ಹಣ್ಣು ಕೊಟ್ಟಿತು.

ಲೆಕ್ಕ ಹೇಳುವುದಾದರೆ, 2023ರಲ್ಲಿ ನಲವತ್ತು ಚಿಲ್ಲರೆ ಹಣ್ಣು, ಮರುವರ್ಷ ಎಂಬತ್ತರ ಹತ್ತಿರ, ಈ ವರ್ಷ ನೂರಿಪ್ಪತ್ತು. ಇಲ್ಲಿವರೆಗೆ ಹದಿನಾಲ್ಕು ಸಾವಿರ ಖರ್ಚು. ಮಾರಿದ್ದರೆ ಇನ್ನೂ ಅರ್ಧವೂ ಬರುತ್ತಿರಲಿಲ್ಲ. ಹಂಚಿದ್ದೇ ಜಾಸ್ತಿ. ಭತ್ತದ ಹುಲ್ಲಲ್ಲಿ ಅಡೆ ಹಾಕಿದ ಆಮ್ರಪಾಲಿ ಕೊಯ್ದರೆ ಒಳಗೆ ಕಿತ್ತಳೆ ಕೆಂಪು, ಒಂದು ಎಳೆ ನಾರಿಲ್ಲ. ದೊಡ್ಡಪ್ಪ ಎರಡು ತಿಂದು, ಕೈ ತೊಳೆಯದೆ ಹಿತ್ತಲಿಗೆ ಹೋಗಿ ಕೊಂಬೆ ಎಣಿಸಿದರು.

ಮೂಲೆಯಲ್ಲಿ ಒಂದು ಸಿದ್ದು ಹಲಸೂ ಇದೆ, ನಮ್ಮ ಜಿಲ್ಲೆ ಚೇಳೂರಿನ ತಳಿ, ತೊಳೆ ತಾಮ್ರಗೆಂಪು. ಅದನ್ನೂ ಎಂಟಡಿಗೆ ಕತ್ತರಿಸಿದ್ದೇನೆ. ಇಷ್ಟು ದಿನ ಸಣ್ಣ ತೊಟ್ಟಿನ ಗಂಡು ಮಿಡಿಗಳೇ ಬಂದು ಕಪ್ಪಾಗಿ ಉದುರುತ್ತಿದ್ದವು. ಈ ಸಲ ಕಾಂಡಕ್ಕೆ ಅಂಟಿಕೊಂಡು ದಪ್ಪ ತೊಟ್ಟಿನವು ಎರಡು ಬಂದಿವೆ. ದಿನಾ ಬೆಳಗ್ಗೆ ಮುಟ್ಟಿ ನೋಡುತ್ತೇನೆ, ಗಟ್ಟಿಯಾಗಿವೆ.