ದೂರ ಅಳೆಯುವವನ ಜಾಗದಿಂದ ಕಂಡ ಬಿರ್ಗರ್ ರೂಡ್

ಸ್ಕೀ ಜಿಗಿತದಲ್ಲಿ ದೂರ ಅಳೆಯಲು ನಿಂತವನು ಗಾಳಿಯಲ್ಲಿರುವ ಜಿಗಿತಗಾರನನ್ನು ನೋಡಬಾರದು. ದಕ್ಷಿಣ ನಾರ್ವೆಯಲ್ಲಿ, ಕಾಂಗ್ಸ್‌ಬರ್ಗ್ ಪಟ್ಟಣಕ್ಕೆ ಅಷ್ಟೇನೂ ದೂರವಲ್ಲದ ಊರೊಂದರಲ್ಲಿ, ಮಗಳು ಸೇರಿದ ಕ್ಲಬ್ಬಿನ ಮಕ್ಕಳ ಗುಡ್ಡದ ಮೇಲೆ ನಾನು ಈ ಕೆಲಸಕ್ಕೆ ನಿಂತಾಗ ಹಿರಿಯರು ಹೇಳಿಕೊಟ್ಟ ಮೊದಲ ನಿಯಮವೇ ಇದು. ಇಲ್ಲಿನ ಮಕ್ಕಳ ಸ್ಪರ್ಧೆಗಳು ನಡೆಯುವುದು ತಂದೆತಾಯಂದಿರ ದುಡಿಮೆಯಿಂದ. ನಮ್ಮ ಹಳ್ಳಿಗಳ ಮುಯ್ಯಾಳಿನ ಹಾಗೆ ಪ್ರತಿ ಮನೆಯಿಂದಲೂ ಒಬ್ಬರು ಬಂದು ಹಿಮ ತುಳಿಯುವುದು, ಕಾಫಿ ಕಾಯಿಸುವುದು, ಅಂಕ ಬರೆಯುವುದು ಹೀಗೆ ಯಾವುದಾದರೂ ಒಂದು ಕೆಲಸವನ್ನು ವಹಿಸಿಕೊಳ್ಳುತ್ತಾರೆ. ಸ್ಕೀ ಮೇಲೆ ನೆಟ್ಟಗೆ ನಿಲ್ಲಲೂ ಬಾರದ ನನಗೆ ಮೆಟ್ಟಿಲ ಮೇಲೆ ನಿಂತು ನೋಡುವ ಕೆಲಸ ಸಿಕ್ಕಿದ್ದು ಸಹಜವೇ. ಬಿರ್ಗರ್ ರೂಡ್ ಎಂಬ ಮಹಾ ಜಿಗಿತಗಾರನ ಸಾಧನೆಯ ಪಟ್ಟಿಯನ್ನು ಓದುವ ಬಗೆಯನ್ನು ನಾನು ಕಲಿತದ್ದು ಆ ಮೆಟ್ಟಿಲ ಮೇಲೆ ನಿಂತು.

ಕೆಲಸ ಹೀಗಿರುತ್ತದೆ. ಸ್ಪರ್ಧೆಗೆ ಮೊದಲು ಇಳಿಜಾರಿನ ಹಿಮವನ್ನು ಸ್ಕೀಗಳಿಂದ ಅಡ್ಡಡ್ಡಲಾಗಿ ತುಳಿದು ಗಟ್ಟಿ ಮಾಡಿ, ಕುಂಟೆಯಿಂದ ಎಳೆದು ಸಮ ಮಾಡುತ್ತಾರೆ. ಮೋಡ ಕವಿದ ದಿನ ಬಿಳಿ ನೆಲ ಎಲ್ಲಿದೆ, ಬಿಳಿ ಆಕಾಶ ಎಲ್ಲಿದೆ ಎಂದು ಮೇಲಿನಿಂದ ಬರುವ ಮಗುವಿಗೆ ತಿಳಿಯದಾದ್ದರಿಂದ, ಸ್ಪ್ರೂಸ್ ಮರದ ಹಸಿರು ಕಡ್ಡಿಗಳನ್ನು ಮುರಿದು ಹಿಮದ ಮೇಲೆ ಅಲ್ಲಲ್ಲಿ ಚೆಲ್ಲುತ್ತೇವೆ. ಇಳಿಜಾರಿನ ಪಕ್ಕದ ಮೆಟ್ಟಿಲುಗಳ ಉದ್ದಕ್ಕೂ ಮೀಟರಿನ ಸಂಖ್ಯೆ ಬರೆದ ಹಲಗೆಗಳಿರುತ್ತವೆ. ಒಬ್ಬೊಬ್ಬ ಅಳತೆಗಾರನಿಗೆ ಕೆಲವೇ ಮೀಟರುಗಳ ಹೊಣೆ. ಜಿಗಿತದ ಅಂಚನ್ನು ಬಿಟ್ಟ ಸದ್ದು ಕಿವಿಗೆ ಬಿದ್ದ ಕೂಡಲೇ ಕಣ್ಣನ್ನು ನಮ್ಮ ಪಾಲಿನ ನೆಲಕ್ಕೆ ಇಳಿಸಿ, ಬೂಟು ಬರುವುದನ್ನು ಕಾಯಬೇಕು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, ಮೊಣಕಾಲು ಬಗ್ಗಿಸಿ ಇಳಿಯುವ ಟೆಲಿಮಾರ್ಕ್ ಭಂಗಿಯಲ್ಲಿ ಎರಡೂ ಪಾದಗಳ ನಡುವಿನ ಬಿಂದುವೇ ಅಳತೆಯ ಬಿಂದು. ಅಲ್ಲಿಗೆ ಕೈ ಚಾಚಿ, ಅರ್ಧ ಮೀಟರಿನ ನಿಖರತೆಯಲ್ಲಿ ಕೂಗಿ ಹೇಳಬೇಕು. ಹಾರುವುದನ್ನು ನೋಡುತ್ತ ಕಣ್ಣನ್ನು ಜಿಗಿತಗಾರನ ಜೊತೆಗೇ ಕೆಳಗಿಳಿಸಿಕೊಂಡು ಬಂದರೆ, ಬೂಟು ತಗುಲಿದ ಕ್ಷಣವನ್ನು ದಾಟಿ ಕಣ್ಣು ಮುಂದೆ ಜಾರಿಬಿಡುತ್ತದೆ, ದೂರ ಹಿಗ್ಗುತ್ತದೆ. ವಿಶ್ವಕಪ್ ಮಟ್ಟದಲ್ಲಿ ಈಗ ವಿಡಿಯೊ ಅಳತೆ ಬಂದಿದೆ. ಮಕ್ಕಳ ಗುಡ್ಡದಲ್ಲಿ ಇನ್ನೂ ಕಣ್ಣೇ ಸಾಧನ.

ಈ ಅರ್ಧ ಮೀಟರಿನ ಬೆಲೆ ಎಷ್ಟೆಂಬುದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಗಾಬರಿಯಾಯಿತು. ಪ್ರತಿ ಗುಡ್ಡಕ್ಕೂ ಅದರ ಅಳತೆಗೆ ತಕ್ಕ ಕೆ-ಬಿಂದು ಎಂಬ ಗುರುತಿದೆ. ಅಲ್ಲಿಗೆ ಇಳಿದವರಿಗೆ ದೂರದ ಲೆಕ್ಕದಲ್ಲಿ 60 ಅಂಕ. ಅದರಾಚೆಗಿನ ಪ್ರತಿ ಮೀಟರಿಗೆ ಅಂಕ ಕೂಡುತ್ತದೆ, ಈಚೆಗಿನ ಪ್ರತಿ ಮೀಟರಿಗೆ ಕಳೆಯುತ್ತದೆ. ಒಲಿಂಪಿಕ್ಸಿನ ದೊಡ್ಡ ಗುಡ್ಡದಲ್ಲಿ ಒಂದು ಮೀಟರಿಗೆ 1.8 ಅಂಕ, ಕೆ-ಬಿಂದು 20 ಮೀಟರಿನ ಆಸುಪಾಸಿನಲ್ಲಿರುವ ಚಿಕ್ಕ ಗುಡ್ಡದಲ್ಲಿ 4.8. ಅಂದರೆ, ನಾನು ಅರ್ಧ ಮೀಟರು ಆಚೀಚೆ ಕೂಗಿದರೆ ಒಂದು ಮಗುವಿನ ಖಾತೆಯಲ್ಲಿ 2.4 ಅಂಕ ಏರುಪೇರಾಗುತ್ತದೆ. ದೊಡ್ಡ ಗುಡ್ಡದಲ್ಲಿ ಅದೇ ಅರ್ಧ ಮೀಟರಿನ ಬೆಲೆ ಕೇವಲ 0.9. ಚಿಕ್ಕ ಗುಡ್ಡದ ಅಳತೆಗಾರನೇ ಹೆಚ್ಚು ಎಚ್ಚರದಿಂದಿರಬೇಕು ಎಂಬುದನ್ನು ನಮ್ಮಲ್ಲಿ ಹೊಸದಾಗಿ ಬರುವ ಪೋಷಕರು ಸುಲಭಕ್ಕೆ ನಂಬುವುದಿಲ್ಲ.

ದೂರದ ಮೇಲೆ ಶೈಲಿಯ ಅಂಕಗಳು ಸೇರುತ್ತವೆ. ದೊಡ್ಡ ಸ್ಪರ್ಧೆಗಳಲ್ಲಿ ಐದು ತೀರ್ಪುಗಾರರು ತಲಾ 20ರಲ್ಲಿ ಅಂಕ ಕೊಡುತ್ತಾರೆ; ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಎರಡೂ ಪಾದಗಳನ್ನು ಜೋಡಿಸಿಕೊಂಡು ಧೊಪ್ಪನೆ ಇಳಿದರೆ ಪ್ರತಿ ತೀರ್ಪುಗಾರನೂ ಅಂಕ ಕಡಿಯುತ್ತಾನೆ, ಬಿದ್ದರಂತೂ ಕೇಳುವುದೇ ಬೇಡ. ಆದರೂ ಅಳೆದ ದೂರ ಮಾತ್ರ ದೂರವೇ. “ಅಪ್ಪ, ನಂದೆಷ್ಟು?” ಎಂದು ಮಗಳು ಕೆಳಗಿನಿಂದ ಕೂಗಿದಾಗ ನಾನು ಹೇಳಬಹುದಾದದ್ದು ಮೀಟರು ಮಾತ್ರ. ಅವಳ ಸ್ಥಾನವನ್ನು ತೀರ್ಮಾನಿಸುವ ಇನ್ನರ್ಧ ಬೇರೆಯವರ ಕೈಯಲ್ಲಿರುತ್ತದೆ.

ಹೀಗಿರುವಾಗ ಕ್ಲಬ್ಬಿನ ಮಕ್ಕಳಿಗಾಗಿ ನಮ್ಮ ಕಡೆಯ ಹಳೆಯ ಜಿಗಿತಗಾರರ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದುಕೊಡಿ ಎಂದು ಕೇಳಿದರು. ಈ ಕಡೆ ಹಳೆಯ ಜಿಗಿತಗಾರರು ಎಂದರೆ ಕಾಂಗ್ಸ್‌ಬರ್ಗ್ ಎಂದರ್ಥ, ಕಾಂಗ್ಸ್‌ಬರ್ಗ್ ಎಂದರೆ ರೂಡ್ ಸಹೋದರರು. ಹದಿನೇಳನೆಯ ಶತಮಾನದಲ್ಲಿ ಬೆಳ್ಳಿಯ ಗಣಿಗಾಗಿ ಕಟ್ಟಿದ ಆ ಪಟ್ಟಣದಲ್ಲಿ ಬಿರ್ಗರ್ ರೂಡ್ 1911ರಲ್ಲಿ ಹುಟ್ಟಿದರು. ಅಣ್ಣ ಸಿಗ್ಮುಂಡ್ 1928ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದವರು. ತಮ್ಮ ಆಸ್‌ಬ್ಯೋರ್ನ್ 1938ರ ವಿಶ್ವ ಚಾಂಪಿಯನ್. ನಡುವಿನವರಾದ ಬಿರ್ಗರ್ 1931, 1935 ಮತ್ತು 1937ರಲ್ಲಿ ವಿಶ್ವ ಚಾಂಪಿಯನ್ ಆದರು, 1932ರಲ್ಲೂ 1936ರಲ್ಲೂ ಒಲಿಂಪಿಕ್ ಚಿನ್ನ ಗೆದ್ದರು. ಇಷ್ಟನ್ನು ಯಾವ ಪುಸ್ತಕದಿಂದಲಾದರೂ ನಕಲು ಮಾಡಬಹುದಿತ್ತು. ದೂರ ಅಳೆಯುವವನಾದ ನಾನು ಫಲಿತಾಂಶದ ಪಟ್ಟಿಯಲ್ಲಿ ಮೀಟರಿನ ಕಲಂ ಹುಡುಕಿದೆ, ಅಲ್ಲಿಂದ ಮುಂದೆ ವಿಷಯ ಸ್ವಾರಸ್ಯವಾಗುತ್ತ ಹೋಯಿತು.

1932ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನ ಮೊದಲ ಸುತ್ತಿನಲ್ಲಿ ಮುಂದಿದ್ದವರು ಅದೇ ಕಾಂಗ್ಸ್‌ಬರ್ಗ್‌ನ ಹಾನ್ಸ್ ಬೆಕ್, ಅವರು 71.5 ಮೀಟರು ಜಿಗಿದಿದ್ದರೆ ರೂಡ್ 66.5 ಮೀಟರಿಗೇ ಇಳಿದಿದ್ದರು. ಎರಡನೆಯ ಸುತ್ತಿನಲ್ಲಿ ಬೆಕ್ 63.5ಕ್ಕೆ ಇಳಿದರು, ರೂಡ್ 69 ಮೀಟರು ಹೋದರು. ಅಂತಿಮ ಲೆಕ್ಕದಲ್ಲಿ ರೂಡ್‌ಗೆ 228.1 ಅಂಕ, ಬೆಕ್‌ಗೆ 227. ಇಬ್ಬರ ಒಟ್ಟು ದೂರದ ನಡುವಣ ಅಂತರ ಸರಿಯಾಗಿ ಅರ್ಧ ಮೀಟರು. ಕಣ್ಣಳತೆಯ ಮೇಲೆಯೇ ನಿಂತ ಆ ಕಾಲದ ಸ್ಪರ್ಧೆಯಲ್ಲಿ, ನನ್ನ ಹಾಗೆ ಮೆಟ್ಟಿಲ ಮೇಲೆ ನಿಂತವರ ಮೇಲೆ ಎಂಥ ಹೊರೆ ಇದ್ದಿರಬೇಕು ಎಂದು ಆ ಸಾಲನ್ನು ಓದಿದಾಗಲೆಲ್ಲ ಯೋಚಿಸುತ್ತೇನೆ.

1936ರ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನ ಪಟ್ಟಿ ಇನ್ನೂ ಹೆಚ್ಚು ಹೇಳುತ್ತದೆ. ಸ್ವೀಡನ್ನಿನ ಸ್ವೆನ್ ಎರಿಕ್ಸನ್ ಎರಡೂ ಸುತ್ತುಗಳಲ್ಲಿ 76 ಮೀಟರು ಜಿಗಿದರು. ರೂಡ್ ಜಿಗಿದದ್ದು 75 ಮತ್ತು 74.5. ಎರಡು ಸಲವೂ ಕಡಿಮೆ ದೂರ, ಒಟ್ಟಿನಲ್ಲಿ ಎರಡೂವರೆ ಮೀಟರು ಹಿಂದೆ. ಆದರೂ ಅಂಕಗಳಲ್ಲಿ 232ಕ್ಕೆ 230.5, ಚಿನ್ನ ರೂಡ್‌ಗೇ. ಅಳತೆಗಾರರು ಕೂಗಿದ್ದನ್ನಷ್ಟೇ ಕೇಳಿಸಿಕೊಂಡು ಕೂತ ಪ್ರೇಕ್ಷಕನಿಗೆ ಅಂದು ಗೆದ್ದವರು ಯಾರೆಂದು ತಿಳಿಯುವಂತಿರಲಿಲ್ಲ. ರೂಡ್ ಅವರ ವೃತ್ತಿಜೀವನದ ತಿರುಳು ನನ್ನ ಪ್ರಕಾರ ಇಲ್ಲಿದೆ: ಅವರನ್ನು ಗೆಲ್ಲಿಸಿದ್ದು ಗಾಳಿಯಲ್ಲಿನ ಸ್ಥಿರತೆ ಮತ್ತು ನೆಲ ಮುಟ್ಟುವ ಬಗೆ, ಅಂದರೆ ನನ್ನ ಹಲಗೆಗಳ ಮೇಲೆ ಬರೆದಿರದ ಭಾಗ. ದಾಖಲೆಗಳ ಪಟ್ಟಿಯಿಂದ ಜಿಗಿತಗಾರರನ್ನು ತೂಗುವವರು ಇದನ್ನು ಪೂರ್ತಿ ಬಿಟ್ಟುಬಿಡುತ್ತಾರೆ.

ಅದೇ ಕ್ರೀಡಾಕೂಟದಲ್ಲಿ, ಒಲಿಂಪಿಕ್ಸಿಗೆ ಮೊದಲ ಬಾರಿ ಸೇರ್ಪಡೆಯಾಗಿದ್ದ ಆಲ್ಪೈನ್ ಸಂಯುಕ್ತ ಸ್ಪರ್ಧೆಗೂ (ಇಳಿಜಾರಿನ ವೇಗದೋಟ ಮತ್ತು ಸ್ಲಾಲಮ್ ಎರಡೂ ಸೇರಿದ್ದು) ರೂಡ್ ಇಳಿದರು ಎಂಬುದನ್ನು ನಮ್ಮ ಕ್ಲಬ್ಬಿನ ಮಕ್ಕಳು ನಂಬಲೇ ಇಲ್ಲ, ಏಕೆಂದರೆ ಇಂದು ಎರಡೂ ಬೇರೆಬೇರೆ ಲೋಕಗಳು. ಕಡಿದಾದ ಇಳಿಜಾರಿನ ವೇಗದೋಟದಲ್ಲಿ ಅವರೇ ಮೊದಲಿಗರಾದರು. ನೆಟ್ಟ ಕಂಬಗಳ ಗೇಟುಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಮ್‌ನಲ್ಲಿ ಒಂದು ಗೇಟು ತಪ್ಪಿ ದಂಡದ ಸೆಕೆಂಡುಗಳು ಬಿದ್ದು, ಒಟ್ಟಾರೆ ನಾಲ್ಕನೆಯ ಸ್ಥಾನಕ್ಕೆ ಇಳಿದರು. ಕಾಲಿನ ಕೆಳಗಿನ ಇಳಿಜಾರಿನ ಮೇಲೆ ಅಂಥ ಹಿಡಿತ ಇದ್ದವರಿಗೆ ಜಿಗಿತದ ನಂತರ ನೆಲ ಮುಟ್ಟುವುದು ಅಷ್ಟು ಸಲೀಸಾಗಿದ್ದರಲ್ಲಿ ಆಶ್ಚರ್ಯವೇನಿದೆ?

ಅವರ ಹಳೆಯ ಚಿತ್ರಗಳನ್ನು ನೋಡುವ ಮಕ್ಕಳು ಮೊದಲು ನಗುತ್ತಾರೆ. ಸ್ಕೀಗಳು ಜೋಡಿಸಿಟ್ಟಂತೆ ಸಮಾನಾಂತರವಾಗಿವೆ, ಸೊಂಟದಲ್ಲಿ ಮೈ ಮುಂದಕ್ಕೆ ಬಾಗಿದೆ, ಕೈಗಳು ಮುಂದೆ ಚಾಚಿವೆ. ಇದೇ ಕಾಂಗ್ಸ್‌ಬರ್ಗ್ ತಂತ್ರ. ಮೊದಲನೆಯ ಮಹಾಯುದ್ಧದ ನಂತರ ಯಾಕೋಬ್ ಟುಲಿನ್ ಥಾಮ್ಸ್ ಮತ್ತು ಸಿಗ್ಮುಂಡ್ ರೂಡ್ ರೂಢಿಸಿದ ಈ ಭಂಗಿ, ಮೈ ನೆಟ್ಟಗಿಟ್ಟುಕೊಂಡು ಹಾರುತ್ತಿದ್ದ ಹಳೆಯ ಪದ್ಧತಿಯನ್ನು ಹಿಂದೆ ಹಾಕಿತು. ಈಗಿನವರು ಕೈಗಳನ್ನು ಪಕ್ಕಕ್ಕಿಟ್ಟು, ಸ್ಕೀಗಳ ಮುಂತುದಿಗಳನ್ನು ಅಗಲಿಸಿ ಇಂಗ್ಲಿಷಿನ ವಿ ಅಕ್ಷರದಂತೆ ಹಾರುತ್ತಾರೆ. ಸ್ವೀಡನ್ನಿನ ಯಾನ್ ಬೊಕ್ಲೋವ್ 1980ರ ದಶಕದಲ್ಲಿ ಅದನ್ನು ತಂದಾಗ ತೀರ್ಪುಗಾರರು ಶೈಲಿಯ ಅಂಕ ಕಡಿದೇ ಕಡಿದರು. ದೂರ ಹೆಚ್ಚುತ್ತಿದ್ದುದರಿಂದ ಕೊನೆಗೆ ಎಲ್ಲರೂ ಅದಕ್ಕೇ ಬಂದರು. ಹೀಗಾಗಿ ಕಾಲಗಳ ನಡುವೆ ಮೀಟರುಗಳನ್ನು ಹೋಲಿಸುವುದು ವ್ಯರ್ಥ. ರೂಡ್ 1934ರಲ್ಲಿ ಇಂದಿನ ಸ್ಲೊವೇನಿಯಾದ ಪ್ಲಾನಿಟ್ಸಾ ಕಣಿವೆಯಲ್ಲಿ 92 ಮೀಟರು ಜಿಗಿದು ವಿಶ್ವದಾಖಲೆ ಮಾಡಿದರು. ಅದೇ ಕಣಿವೆಯಲ್ಲಿ 2025ರಲ್ಲಿ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ 254.5 ಮೀಟರು ಹಾರಿದರು. ಗುಡ್ಡ ಬೇರೆ, ಸ್ಕೀ ಬೇರೆ, ಉಡುಪು ಬೇರೆ. ಟಿಪ್ಪಣಿಯಲ್ಲಿ ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಹಾಕಿ ಎಂದು ಒಬ್ಬರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ.

ಪಟ್ಟಿಯಲ್ಲಿ 1940ರ ನಂತರ ಖಾಲಿ ಜಾಗವಿದೆ. ಜರ್ಮನಿ ನಾರ್ವೆಯನ್ನು ಆಕ್ರಮಿಸಿದಾಗ ಇಲ್ಲಿನ ಕ್ರೀಡಾಪಟುಗಳು ನಾತ್ಸಿಗಳ ಹಿಡಿತದ ಅಧಿಕೃತ ಕ್ರೀಡೆಯನ್ನು ಬಹಿಷ್ಕರಿಸಿದರು. ಅದರಲ್ಲಿ ನಿಂತ ರೂಡ್ 1943ರಲ್ಲಿ ಬಂಧನಕ್ಕೊಳಗಾಗಿ ಓಸ್ಲೋ ಬಳಿಯ ಗ್ರಿನಿ ಸೆರೆಶಿಬಿರದಲ್ಲಿದ್ದರು. ಇಪ್ಪತ್ತೆಂಟರಿಂದ ಮೂವತ್ತಮೂರರವರೆಗಿನ, ಜಿಗಿತಗಾರನೊಬ್ಬನ ಬಲಿತ ವರ್ಷಗಳು ಹಾಗೆ ಕಳೆದವು.

ಮಕ್ಕಳಿಗೆ ನಾನು ಹೆಚ್ಚು ವಿವರವಾಗಿ ಬರೆದದ್ದು 1948ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸಿನ ಬಗ್ಗೆ. ರೂಡ್ ಅಲ್ಲಿಗೆ ಹೋದದ್ದು ತರಬೇತುದಾರರಾಗಿ, ವಯಸ್ಸು 36. ಸ್ಪರ್ಧೆಯ ಹಿಂದಿನ ದಿನ ಹವಾಮಾನ ಕೆಟ್ಟದ್ದನ್ನು ನೋಡಿ, ಅನುಭವ ಕಡಿಮೆಯಿದ್ದ ಕಿರಿಯ ಜಿಗಿತಗಾರನ ಜಾಗದಲ್ಲಿ ತಾವೇ ಜಿಗಿಯುವುದೆಂದು ತೀರ್ಮಾನಿಸಿದರು. ಚಿನ್ನ ಕಾಂಗ್ಸ್‌ಬರ್ಗ್‌ನವರೇ ಆದ ಪೆಟ್ಟರ್ ಹುಗ್‌ಸ್ಟೆಡ್ ಅವರ ಪಾಲಾಯಿತು. ಒಂದೂವರೆ ಅಂಕದ ಅಂತರದಲ್ಲಿ ಬೆಳ್ಳಿ ರೂಡ್‌ಗೆ, ಕಂಚು ಥೋರ್ಲೈಫ್ ಶೆಲ್ಡರುಪ್‌ಗೆ. ಮೂರೂ ಪದಕ ನಾರ್ವೆಗೆ ಬಂದವು. ಕೆಟ್ಟ ಹವೆಯಲ್ಲಿ ಯೌವನದ ಕಾಲಿಗಿಂತ ನೆಲವನ್ನು ಬಲ್ಲ ಕಾಲು ಮೇಲು ಎಂಬುದನ್ನು ಗುಡ್ಡದ ಪಕ್ಕದಲ್ಲಿ ನಿಂತವರು ಪ್ರತಿ ಚಳಿಗಾಲವೂ ನೋಡುತ್ತಾರೆ: ಗಾಳಿ ಎದ್ದ ದಿನ ಬಲಶಾಲಿ ಹುಡುಗರು ಬೀಳುತ್ತಾರೆ, ಇಳಿಯುವುದನ್ನು ಮೊದಲು ಕಲಿತ ಪುಟ್ಟ ಹುಡುಗಿಯರು ನಿಲ್ಲುತ್ತಾರೆ.

ಟಿಪ್ಪಣಿ ಒಂದು ಪುಟಕ್ಕೆ ಮುಗಿಯದೆ ಮೂರಾಯಿತು, ಕತ್ತರಿಸಿ ಎಂದರು. ವಿಶ್ವದಾಖಲೆಯ ಸಾಲನ್ನು ಕತ್ತರಿಸಿದೆ. 1936ರ ಎರಡೂ ಸುತ್ತುಗಳ ಅಳತೆಯನ್ನು, ರೂಡ್ ಅವರದನ್ನೂ ಎರಿಕ್ಸನ್ ಅವರದನ್ನೂ, ಹಾಗೆಯೇ ಉಳಿಸಿಕೊಂಡೆ.