ಹಾವು ಕಡಿತ ತಡೆಯುವ ಕೆಲಸಕ್ಕೆ ನಾವು ಅನುದಾನ ಹೊಂದಿಸುವ ರೀತಿ

ಹಳ್ಳಿಗಳಲ್ಲಿ ಹಾವು ಕಡಿತದ ಬಗ್ಗೆ ತಿಳಿವಳಿಕೆ ಕೊಡುವ ಕೆಲಸಕ್ಕೆ ದುಡ್ಡು ಹುಡುಕುವವರು ಮೊದಲು ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಬೇಕು. ಹಾವು ಕಡಿತ ಮುಂಗಾರಿನ ಜೊತೆ ಏರುತ್ತದೆ, ಭತ್ತದ ಕೊಯ್ಲಿನ ಹೊತ್ತಿಗೆ ಮತ್ತೆ ಹೆಚ್ಚುತ್ತದೆ. ಕಂಪನಿಗಳ ಸಿಎಸ್‌ಆರ್ (ಕಾನೂನಿನಂತೆ ಸಮಾಜದ ಕೆಲಸಕ್ಕೆ ಕಂಪನಿ ಮಾಡಬೇಕಾದ ಖರ್ಚು) ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಬಜೆಟ್ ಪಾಸಾಗಿ, ಪ್ರಸ್ತಾವನೆ ಓದಿ, ಒಪ್ಪಂದಕ್ಕೆ ಸಹಿ ಬಿದ್ದು, ಮೊದಲ ಕಂತು ಖಾತೆಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಅರ್ಜಿ ಹಾಕಿದವರು ಡಿಸೆಂಬರ್‌ನಲ್ಲಿ ಗಂಬೂಟು ಹಂಚುತ್ತಾರೆ. ಆದ್ದರಿಂದ ನಮ್ಮ ಟ್ರಸ್ಟ್ ಕಂಪನಿಗಳ ಜೊತೆ ಮಾತುಕತೆ ಶುರು ಮಾಡುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿಯಿಂದ ಮಾರ್ಚ್ ಒಳಗೆ ಮಂಜೂರಾತಿ, ಏಪ್ರಿಲ್‌ನಲ್ಲಿ ಸಾಮಾನು ಖರೀದಿ, ಮೇ ತಿಂಗಳಲ್ಲಿ ಮನೆಭೇಟಿ.

ಇಲ್ಲಿ ಒಂದು ತೊಡಕಿದೆ. ಮಾರ್ಚ್‌ನಲ್ಲಿ ಬಂದ ಹಣವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಕೊಡಿ ಎಂದು ಕಂಪನಿ ಕೇಳುತ್ತದೆ. ಟ್ರಸ್ಟ್ ಖಾತೆಗೆ ಹಾಕಿದ ಮಾತ್ರಕ್ಕೆ ಅದು ಕಂಪನಿಯ ಲೆಕ್ಕದಲ್ಲಿ ಖರ್ಚಾದ ಹಾಗಲ್ಲ, ನಿಜವಾಗಿ ಬಳಕೆಯಾಗಿರಬೇಕು. ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಕೆಲಸವನ್ನು ಕಂಪನಿಯ ಮಂಡಳಿ ಬಹುವರ್ಷದ ‘ಆನ್‌ಗೋಯಿಂಗ್ ಪ್ರಾಜೆಕ್ಟ್’ ಎಂದು ಅನುಮೋದಿಸಿದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಹಾಗೆ ಅನುಮೋದಿಸದಿದ್ದರೆ ಉಳಿಕೆ ಆರು ತಿಂಗಳೊಳಗೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಸರ್ಕಾರಿ ನಿಧಿಗೆ ಹೋಗಬೇಕು. ಹಾಗಾಗಿ ಪ್ರಸ್ತಾವನೆಯ ಮೊದಲ ಪುಟದಲ್ಲೇ ಅವಧಿ ಎರಡು ವರ್ಷ, ಎರಡು ಮಳೆಗಾಲ ಎಂದು ಬರೆಯುತ್ತೇವೆ. ಒಂದು ವರ್ಷದ ಕಾರ್ಯಕ್ರಮ ಎಂದು ಬರೆದರೆ ಕಂಪನಿಯ ಒಳಗಿನವರಿಗೆ ಮನಸ್ಸಿದ್ದರೂ ಈ ಸೌಲಭ್ಯ ಕೊಡಿಸುವುದು ಕಷ್ಟ, ಮಂಡಳಿ ಕಾರಣ ಕೊಟ್ಟು ಅವಧಿ ವಿಸ್ತರಿಸಬೇಕಾಗುತ್ತದೆ.

ಕಾಗದಪತ್ರದ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ: ಟ್ರಸ್ಟ್ ಡೀಡ್, ಪ್ಯಾನ್, 12ಎ, 80ಜಿ (ಟ್ರಸ್ಟ್‌ಗೂ ದಾನಿಗೂ ಆದಾಯ ತೆರಿಗೆ ರಿಯಾಯಿತಿ ಕೊಡುವ ನೋಂದಣಿಗಳು), ನೀತಿ ಆಯೋಗದ ದರ್ಪಣ್ ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ, ರದ್ದುಪಡಿಸಿದ ಚೆಕ್. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಕಂಪನಿಗಳು ಸಿಎಸ್‌ಆರ್ ಕೆಲಸ ಮಾಡಿಸುವಂತಿಲ್ಲ. ಅದಕ್ಕೆ ಅಧಿಕೃತ ವ್ಯಕ್ತಿಯ ಡಿಜಿಟಲ್ ಸಹಿ ಬೇಕು, ಸಿಎ ದೃಢೀಕರಣ ಬೇಕು. ಕೆಲಸ ನಿಲ್ಲುವುದು ಹೆಚ್ಚಾಗಿ ಟ್ರಸ್ಟ್ ಡೀಡ್‌ನಲ್ಲಿ. ನಮ್ಮ ಕಡೆಯ ಬಹುಪಾಲು ಡೀಡ್‌ಗಳು ಉಪನೋಂದಣಿ ಕಚೇರಿಯಲ್ಲಿ ಕನ್ನಡದಲ್ಲಿ ನೋಂದಣಿಯಾದವು. ಉದ್ದೇಶಗಳ ಪುಟದಲ್ಲಿ ಶಾಲೆ, ಹಾಸ್ಟೆಲ್, ದೇವಸ್ಥಾನದ ಜೀರ್ಣೋದ್ಧಾರ ಇಷ್ಟೇ ಇದ್ದು ಆರೋಗ್ಯದ ಮಾತೇ ಇಲ್ಲದಿದ್ದರೆ ಕಂಪನಿಯ ಕಾನೂನು ವಿಭಾಗ ಅಲ್ಲೇ ತಡೆಯುತ್ತದೆ. ಉದ್ದೇಶಕ್ಕೆ ತಿದ್ದುಪಡಿ ಮಾಡಿದರೆ ಆದಾಯ ತೆರಿಗೆ ಇಲಾಖೆಗೆ 30 ದಿನದೊಳಗೆ ಅರ್ಜಿ ಹಾಕಬೇಕು, ಮರೆತರೆ 12ಎ ನೋಂದಣಿಗೇ ಕುತ್ತು. ಡೀಡ್‌ನ ಇಂಗ್ಲಿಷ್ ಅನುವಾದವನ್ನು ನೋಟರಿ ಮಾಡಿಸಿ ಮೊದಲೇ ಇಟ್ಟುಕೊಳ್ಳಿ.

ಯಾವ ಕಂಪನಿ? ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಬೆಂಗಳೂರಿನ ದೊಡ್ಡ ಹೆಸರುಗಳ ಬೆನ್ನು ಬೀಳುವವರೇ ಎಲ್ಲ. ಆದರೆ ಕಾಯ್ದೆ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಮಂಗಳೂರಿನಲ್ಲಿ ಎಂಆರ್‌ಪಿಎಲ್, ಕೈಗಾದಲ್ಲಿ ಅಣುವಿದ್ಯುತ್ ನಿಗಮ, ಕೂಡಗಿಯಲ್ಲಿ ಎನ್‌ಟಿಪಿಸಿ, ತೋರಣಗಲ್ಲಿನಲ್ಲಿ ಜಿಂದಾಲ್ ಇರುವ ಹಾಗೆ ನಿಮ್ಮ ಜಿಲ್ಲೆಯಲ್ಲೂ ಒಂದು ಸಕ್ಕರೆ ಕಾರ್ಖಾನೆಯೋ ಸಿಮೆಂಟ್ ಕಾರ್ಖಾನೆಯೋ ಇರಬಹುದು. ಕಂಪನಿಗಳ 2021-22ರವರೆಗಿನ ವಾರ್ಷಿಕ ವರದಿಗಳ ಸಿಎಸ್‌ಆರ್ ಅನುಬಂಧ ತೆರೆದು ಜಿಲ್ಲೆಯ ಹೆಸರು ಹುಡುಕಿ. ಯಾವ ಕೆಲಸಕ್ಕೆ, ಎಷ್ಟು, ಯಾವ ಸಂಸ್ಥೆಯ ಮೂಲಕ ಎಂಬುದು ಸಾಲುಸಾಲಾಗಿ ಸಿಗುತ್ತದೆ. 2022ರ ತಿದ್ದುಪಡಿಯ ನಂತರ ಅನುಬಂಧದಲ್ಲಿ ಈ ಸಾಲುವಿವರ ಕಡ್ಡಾಯವಲ್ಲ, ಈಚಿನದಕ್ಕೆ ಕೇಂದ್ರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು ವಿವರ ನೋಡಿ. ಕಳೆದ ವರ್ಷ 8ರಿಂದ 15 ಲಕ್ಷದ ಕೆಲಸ ಕೊಟ್ಟ ಕಂಪನಿಗೆ ನಿಮ್ಮ 12 ಲಕ್ಷದ ಪ್ರಸ್ತಾವನೆ ಹೊಂದುತ್ತದೆ. ಕೋಟಿಗಟ್ಟಲೆಯ ಕಟ್ಟಡ ಮಾತ್ರ ಕಟ್ಟಿಸುವವರಿಗೆ ಹೊಂದುವುದಿಲ್ಲ. ಇನ್ನೊಂದು ಮಾತು: ಸಿಎಸ್‌ಆರ್ ಬಾಧ್ಯತೆ 50 ಲಕ್ಷ ಮೀರದ ಕಂಪನಿಗೆ ಪ್ರತ್ಯೇಕ ಸಮಿತಿ ಕಡ್ಡಾಯವಲ್ಲ, ನಿರ್ದೇಶಕರೇ ನಿರ್ಧರಿಸುತ್ತಾರೆ. ಅಂಥಲ್ಲಿ ಉತ್ತರ ಬೇಗ ಸಿಗುತ್ತದೆ, ಪ್ರಶ್ನೆಗಳೂ ನೇರವಾಗಿರುತ್ತವೆ. ಸಣ್ಣ ಟ್ರಸ್ಟ್‌ಗೆ ಇವರೇ ಸರಿ.

ಏಳನೇ ಅನುಸೂಚಿಯ ಮೊದಲ ಅಂಶದಲ್ಲಿ ‘ಮುಂಜಾಗ್ರತಾ ಆರೋಗ್ಯ’ ಇದೆ, ನಮ್ಮ ಕೆಲಸ ಅದರಡಿ ಬರುತ್ತದೆ. ಆದರೆ ‘ಜಾಗೃತಿ ಮೂಡಿಸುವುದು’ ಎಂದು ಬರೆದ ಪ್ರಸ್ತಾವನೆಗೆ ಯಾರೂ ಹಣ ಕೊಡುವುದಿಲ್ಲ, ಕೊಡಲೂಬಾರದು. ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ, ಯಾವ ಹಾವಿನಿಂದ ಕಡಿಸಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುವ ಊರಲ್ಲಿ ರೈತ ರಾತ್ರಿ ಒಂದು ಗಂಟೆಗೆ ಮೊಬೈಲ್ ಬೆಳಕಿನಲ್ಲಿ ಬದುವಿನ ಮೇಲೆ ನಡೆಯುತ್ತಾನೆ. ಅಲ್ಲಿ ಕಾದಿರುವುದು ಕೊಳಕುಮಂಡಲ, ಕಡಿಯುವುದು ಪಾದಕ್ಕೆ, ಮೀನಖಂಡಕ್ಕೆ. ಇದಕ್ಕೆ ಬೇಕಾದ್ದು ಟಾರ್ಚು ಮತ್ತು ಗಂಬೂಟು. ನೆಲದ ಮೇಲೆ ಮಲಗಿದವರನ್ನು ಕಡಿಯುವುದು ಕಟ್ಟುಹಾವು. ನೋವು ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದೆ ಇರಬಹುದು. ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾರೆ, ಆಮೇಲೆ ಕಣ್ಣುರೆಪ್ಪೆ ಬೀಳುತ್ತದೆ. ಇದಕ್ಕೆ ಹಾಸಿಗೆಯಡಿ ಅಂಚು ಸಿಕ್ಕಿಸಿದ ಸೊಳ್ಳೆಪರದೆ. ಬಜೆಟ್ಟಿನ ಪ್ರತಿ ಸಾಮಾನಿನ ಎದುರು ಅದು ಯಾವ ಕಡಿತ ತಡೆಯಲು ಎಂದು ಒಂದು ಸಾಲು ಬರೆದರೆ ‘ಇದೆಲ್ಲ ಯಾಕೆ’ ಎಂಬ ಪ್ರಶ್ನೆಯೇ ಬರುವುದಿಲ್ಲ.

ಅಂಕಿಅಂಶಕ್ಕೆ ದೇಶದ ಲೆಕ್ಕ ಒಂದು ಸಾಲು ಸಾಕು. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರು ಎಂಬುದು ದೇಶದ ಸಾವುಗಳ ಕಾರಣ ಹುಡುಕುವ ದೊಡ್ಡ ಸಮೀಕ್ಷೆಯಾದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು. ತೂಕ ಬರುವುದು ತಾಲ್ಲೂಕಿನ ಲೆಕ್ಕಕ್ಕೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ಕ್ಕೆ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ತಾಲ್ಲೂಕು ಆರೋಗ್ಯಾಧಿಕಾರಿಗಳ ಬಳಿ ಪಿಎಚ್‌ಸಿವಾರು (ಪ್ರಾಥಮಿಕ ಆರೋಗ್ಯ ಕೇಂದ್ರವಾರು) ಪ್ರಕರಣ ಕೇಳಿ, ಅದರ ಜೊತೆಗೇ ಬೆಂಬಲ ಪತ್ರ ಕೇಳಿ. ಶಾಲೆಗೆ ಹೋಗುವುದಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಪತ್ರವೂ ಬೇಕು. ಈ ಎರಡು ಪತ್ರ ಇಲ್ಲದೆ ಕಂಪನಿಯ ಬಾಗಿಲು ತಟ್ಟಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಹಾವು ಕಡಿತ ಶೇ. 30ರಷ್ಟು ಇಳಿಸುತ್ತೇವೆ’ ಎಂದು ಎಂದಿಗೂ ಬರೆದುಕೊಡಬೇಡಿ. ಕಾರ್ಯಕ್ರಮ ಚೆನ್ನಾಗಿ ನಡೆದರೆ ಮೊದಲ ವರ್ಷ ಪ್ರಕರಣದ ಸಂಖ್ಯೆ ಏರುತ್ತದೆ. ಮೊದಲು ನಾಟಿ ಔಷಧಿಗೆ, ಮಂತ್ರಕ್ಕೆ ಹೋಗುತ್ತಿದ್ದವರು ಆಸ್ಪತ್ರೆಗೆ ಬರತೊಡಗುತ್ತಾರೆ, ವಿಷವಿಲ್ಲದ ಹಾವು ಕಡಿದವರೂ ಬರುತ್ತಾರೆ. ಶೇಕಡಾವಾರು ಇಳಿಕೆಗೆ ಸಹಿ ಹಾಕಿದ್ದರೆ ಆ ಒಳ್ಳೆಯ ಬೆಳವಣಿಗೆಯೇ ಸೋಲಿನಂತೆ ಕಾಣುತ್ತದೆ, ಎರಡನೇ ಕಂತು ನಿಲ್ಲುತ್ತದೆ. ನಾವು ಕೊಡುವ ಸೂಚಕಗಳು ಬೇರೆ. ಕಡಿತದಿಂದ ಆಸ್ಪತ್ರೆ ತಲುಪಲು ಹಿಡಿದ ಸಮಯ. ಮೊದಲು ಎಲ್ಲಿಗೆ ಹೋದರು. ಹಗ್ಗ, ಬಟ್ಟೆ ಬಿಗಿದು ಕಟ್ಟಿದ್ದರೇ, ಗಾಯ ಕೊಯ್ದಿದ್ದರೇ. ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚು ಒಯ್ಯುವ ಮನೆಗಳೆಷ್ಟು. ಹತ್ತಿರದ ಪಿಎಚ್‌ಸಿಯಲ್ಲಿ ವಿಷನಿರೋಧಕ ಚುಚ್ಚುಮದ್ದಿನ ಎಷ್ಟು ವಯಲ್ (ಸೀಸೆ) ದಾಸ್ತಾನಿದೆ. ಮೊದಲ ಡೋಸಿಗೇ 10 ವಯಲ್ ಬೇಕಾಗುತ್ತದೆ, ಹಾಗಾಗಿ ನಾಲ್ಕು ವಯಲ್ ಇಟ್ಟುಕೊಂಡ ಪಿಎಚ್‌ಸಿಗೆ ‘ಬೇಗ ಹೋಗಿ’ ಎಂದು ಕಲಿಸಿ ಪ್ರಯೋಜನವಿಲ್ಲ. ಈ ಐದನ್ನೂ ಕೆಲಸ ಶುರುವಾಗುವ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆಯಬೇಕು. ಮೊದಲ ಸಮೀಕ್ಷೆ ಮಾಡದೆ ಗಂಬೂಟು ಹಂಚಿದರೆ ಆಮೇಲೆ ಏನು ಬದಲಾಯಿತೆಂದು ತೋರಿಸಲು ಏನೂ ಉಳಿಯುವುದಿಲ್ಲ.

ಬಜೆಟ್ಟಿನ ಒಂದು ಮಾದರಿ ಕೊಡುತ್ತೇನೆ, ದರ ನಿಮ್ಮ ಊರಿನಲ್ಲಿ ಹೆಚ್ಚುಕಮ್ಮಿ ಇರಬಹುದು. 20 ಹಳ್ಳಿ, ಸುಮಾರು 3,000 ಮನೆ, ಎರಡು ವರ್ಷದ ಯೋಜನೆಯ ಮೊದಲ 12 ತಿಂಗಳು. ಇಬ್ಬರು ಕ್ಷೇತ್ರ ಕಾರ್ಯಕರ್ತರಿಗೆ ತಿಂಗಳಿಗೆ 15,000ದಂತೆ 3,60,000. ಅರೆಕಾಲಿಕ ಸಂಯೋಜಕರಿಗೆ 1,44,000. ಓಡಾಟ 60,000. ಗಂಬೂಟು 400 ಜೊತೆಗೆ 1,60,000, ಟಾರ್ಚು 400ಕ್ಕೆ 1,00,000, ಸೊಳ್ಳೆಪರದೆ 200ಕ್ಕೆ 70,000. ಗೋಡೆಬರಹ ಹಳ್ಳಿಗೆ ಎರಡರಂತೆ 60,000, ಬೀದಿನಾಟಕ 80,000. ಆಶಾ ಕಾರ್ಯಕರ್ತೆಯರು, ಆಟೊ ಮತ್ತು ಜೀಪ್ ಚಾಲಕರಿಗೆ ಆರು ತರಬೇತಿ 48,000. ಎರಡು ಸಮೀಕ್ಷೆ 50,000. ಲೆಕ್ಕಪತ್ರ, ಆಡಿಟ್, ಕಚೇರಿ 60,000. ಒಟ್ಟು 11,92,000. ಜಿಎಸ್‌ಟಿ ಸೇರಿಸಿದ ದರವನ್ನೇ ಬರೆಯಿರಿ, ನಮ್ಮಂಥ ಟ್ರಸ್ಟ್‌ಗೆ ಕಟ್ಟಿದ ತೆರಿಗೆ ಹಿಂದಕ್ಕೆ ಸಿಗುವುದಿಲ್ಲ.

‘ಸಂಬಳ ಇಷ್ಟೊಂದಾ?’ ಎಂದು ಖಂಡಿತ ಕೇಳುತ್ತಾರೆ. ಸಂಬಳ ಎಂದು ಒಂದೇ ಸಾಲಿನಲ್ಲಿ ತೋರಿಸಿದರೆ ಕತ್ತರಿ ಮೊದಲು ಬೀಳುವುದು ಅಲ್ಲಿಗೇ. ನಾವು ಅದನ್ನು ಮನೆಭೇಟಿಯ ವೆಚ್ಚವಾಗಿ ತೋರಿಸುತ್ತೇವೆ: 3,000 ಮನೆಗೆ ಎರಡೆರಡು ಸಲ, 6,000 ಭೇಟಿ. ಕಾರ್ಯಕರ್ತರ ಸಂಬಳ, ಓಡಾಟ ಸೇರಿ 4,20,000. ಒಂದು ಭೇಟಿಗೆ 70 ರೂಪಾಯಿ. ಇದು ಮರೆಮಾಚುವುದಲ್ಲ, ತಡೆಯುವ ಕೆಲಸ ನಡೆಯುವುದೇ ಮನೆಯಂಗಳದ ಮಾತುಕತೆಯಲ್ಲಿ. ಆಡಳಿತ ವೆಚ್ಚ ಶೇ. 5 ಮೀರಬಾರದು ಎಂದು ಕೆಲವರು ವಾದಿಸುತ್ತಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಸೌಜನ್ಯದಿಂದ ನಿಯಮ ತೋರಿಸಿ ಮಾತಾಡಿ, ಬಿಟ್ಟುಕೊಡಬೇಡಿ.

ಗಂಬೂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಗಟು ಅಂಗಡಿಯಲ್ಲಿ ಸಿಗುವ ಗಂಟಿನಲ್ಲಿ 7ರಿಂದ 10ರ ಅಳತೆಯೇ ಜಾಸ್ತಿ. ಕಳೆ ಕೀಳುವ, ಹುಲ್ಲು ಕೊಯ್ಯುವ ಹೆಂಗಸರಿಗೆ 4, 5, 6 ಬೇಕು. ಮೊದಲ ಸಮೀಕ್ಷೆಯಲ್ಲೇ ಪಾದದ ಅಳತೆ ಬರೆದುಕೊಂಡು ಆರ್ಡರ್ ಕೊಡಿ. ನಾಟಿಗದ್ದೆಯ ಕೆಸರಿನಲ್ಲಿ ಗಂಬೂಟು ಹೂತುಹೋಗುತ್ತದೆ, ಅಲ್ಲಿ ಯಾರೂ ಹಾಕುವುದಿಲ್ಲ. ಬದು, ಅಡಿಕೆ ತೋಟ, ಕೊಯ್ಲು, ಹುಲ್ಲುಬಣವೆ ಕೆಲಸಕ್ಕೆ ಎಂದು ಪ್ರಸ್ತಾವನೆಯಲ್ಲೇ ಹೇಳಿಬಿಟ್ಟರೆ ಪರಿಶೀಲನೆಗೆ ಬಂದವರು ಗದ್ದೆಯಲ್ಲಿ ಬರಿಗಾಲು ಕಂಡು ವರದಿ ಬರೆಯುವುದು ತಪ್ಪುತ್ತದೆ. ಜೀವಂತ ಹಾವು ಹಿಡಿದು ತೋರಿಸುವ ಪ್ರದರ್ಶನ ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಪ್ರಕರಣವಾದರೆ ಹಣ ಕೊಟ್ಟವರ ಹೆಸರೂ ಸಿಕ್ಕಿಕೊಳ್ಳುತ್ತದೆ.

ಒಪ್ಪಂದದಲ್ಲಿ ‘ಅನುದಾನ’ ಎಂಬ ಪದ ಇರಲಿ. ‘ಸೇವೆ’, ‘ವೆಂಡರ್’ ಎಂದಿದ್ದರೆ ಲೆಕ್ಕವಿಭಾಗ ಗುತ್ತಿಗೆಯೆಂದು ಟಿಡಿಎಸ್ ಕಡಿಯುತ್ತದೆ, ಜಿಎಸ್‌ಟಿ ಬಿಲ್ಲು ಕೇಳುತ್ತದೆ. ಗೋಡೆಬರಹದ ಕೆಳಗೆ ಕೃತಜ್ಞತೆಯೆಂದು ಕಂಪನಿಯ ಹೆಸರು ಹಾಕಿದರೆ ತೊಂದರೆಯಿಲ್ಲ. ಅವರ ಸರಕಿನ ಜಾಹೀರಾತು ಹಾಕಿದರೆ ಅದು ಪ್ರಚಾರ ಸೇವೆಯಾಗಿ ಜಿಎಸ್‌ಟಿ ವ್ಯಾಪ್ತಿಗೆ ಬರುತ್ತದೆ. ಕಂತು 50-30-20 ಎಂದಿದ್ದರೆ ಸಾಮಾನಿನ ಖರೀದಿ ಪೂರ್ತಿ ಮೊದಲ ಕಂತಿನಲ್ಲೇ ಮುಗಿಯುವಂತೆ ನೋಡಿಕೊಳ್ಳಿ. ಎರಡನೇ ಕಂತು ಮಳೆಗಾಲದ ನಡುವೆ ಬರುತ್ತದೆ.

ಲೆಕ್ಕ ಇಡುವುದು ಸರಳ, ಶಿಸ್ತು ಮಾತ್ರ ಬೇಕು. ಯೋಜನೆಗೊಂದು ಪ್ರತ್ಯೇಕ ಬ್ಯಾಂಕ್ ಖಾತೆ. ಪ್ರತಿ ಮೂಲ ಬಿಲ್ಲಿನ ಮೇಲೆ ಯೋಜನೆಯ ಹೆಸರು, ಅನುದಾನದ ವರ್ಷ, ಬಜೆಟ್ ಸಾಲಿನ ಸಂಖ್ಯೆ ಇರುವ ರಬ್ಬರ್ ಸೀಲು ಒತ್ತಿ, ಆಮೇಲೆ ಜೆರಾಕ್ಸ್. ಒಂದೇ ಬಿಲ್ಲು ಇಬ್ಬರು ದಾನಿಗಳ ಲೆಕ್ಕಕ್ಕೆ ಹೋಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಒಬ್ಬರಿಗೆ ಒಂದು ದಿನಕ್ಕೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚು ನಿಲ್ಲುವುದಿಲ್ಲ, ನಾಟಕ ತಂಡಕ್ಕೂ ಬ್ಯಾಂಕ್ ಮೂಲಕವೇ ಕೊಡಿ. ಹಂಚಿಕೆ ವಹಿಯಲ್ಲಿ ಹೆಸರು, ಸಾಮಾನು, ಅಳತೆ, ಸಹಿ ಅಥವಾ ಹೆಬ್ಬೆಟ್ಟು. ಯುಸಿಗೆ (ಹಣ ಬಳಕೆಯ ಪ್ರಮಾಣಪತ್ರಕ್ಕೆ) ಸಿಎ ಸಹಿ ಬೇಕಾಗುವ ಮುಂಚೆ, ಮೂರು ತಿಂಗಳಿಗೊಮ್ಮೆ ಬಜೆಟ್ಟಿಗೂ ಖರ್ಚಿಗೂ ತಾಳೆ ನೋಡಿ. ಸಾಲಿನಿಂದ ಸಾಲಿಗೆ ಹಣ ಬದಲಿಸಬೇಕಾದರೆ ಖರ್ಚಿಗೆ ಮುಂಚೆ ಇ-ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಅನುದಾನವಾದರೆ ಇನ್ನೂ ಬಿಗಿ: ಆ ಹಣದ ಮೇಲೆ ಬಂದ ಬ್ಯಾಂಕ್ ಬಡ್ಡಿಯನ್ನೂ ಸರ್ಕಾರಕ್ಕೆ ಹಿಂದಿರುಗಿಸಬೇಕು.

ಸಣ್ಣ ದುಡ್ಡನ್ನು ಕಡೆಗಣಿಸಬೇಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ 10,000ದವರೆಗೆ ಮುಕ್ತ ನಿಧಿ ಇದೆ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಗೋಡೆಬರಹಕ್ಕೆ ಅದರಲ್ಲಿ ಪಾಲು ಸಿಗುತ್ತದೆ, ಕಂಪನಿಗೆ ‘ಊರಿನವರೂ ಹಾಕಿದ್ದಾರೆ’ ಎಂದು ತೋರಿಸಲೂ ಆಗುತ್ತದೆ.

ಊರಿನಿಂದ ಹೊರಗೆ ಹೋದವರು ಕೊಡುವ ಹಣದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅದೇ ಊರಿನವರು, ಅದೇ ಮನೆತನದವರು ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡು ಇದ್ದರೂ ಅಷ್ಟೆ. ಅಲ್ಲಿನ ಕನ್ನಡ ಕೂಟದ ಹಣವೂ ಹಾಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ನೋಂದಣಿಗೆ ಮೂರು ವರ್ಷದ ಹಳಮೆ, ಆ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷದ ಕೆಲಸ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ದೊಡ್ಡ ಸಂಸ್ಥೆ ತನ್ನ ವಿದೇಶಿ ಹಣವನ್ನು ನಿಮಗೆ ದಾಟಿಸುವಂತೆಯೂ ಇಲ್ಲ. ಆದ್ದರಿಂದ ಹೊರದೇಶದಿಂದ ಯಾರೇ ಕೊಡುತ್ತೇನೆಂದರೂ ಖಾತೆ ಸಂಖ್ಯೆ ಕಳಿಸುವ ಮುಂಚೆ ಪಾಸ್‌ಪೋರ್ಟಿನ ಪ್ರತಿ ಕೇಳಿ ಕಡತದಲ್ಲಿ ಇಟ್ಟುಕೊಳ್ಳಿ. ಒಳ್ಳೆಯ ಮನಸ್ಸಿನಿಂದ ಕೊಡುವವರು ಬೇಜಾರು ಮಾಡಿಕೊಳ್ಳುವುದಿಲ್ಲ.